ನೆಟ್ ಹೋದಾಗಲೂ ಕೈಬಿಡದ ಆ್ಯಪ್‌ಗಳು: ಯಾವ ಕೆಲಸಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕು

ವಾಟ್ಸ್ಆ್ಯಪ್, ಯೂಟ್ಯೂಬ್, ಫೋನ್‌ಪೇ ಎಲ್ಲರ ಫೋನಿನಲ್ಲೂ ಇವೆ. ಅವುಗಳ ಮಾತು ಇಲ್ಲಿಲ್ಲ. ಹೆಚ್ಚು ಹೆಸರು ಕೇಳದ, ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ದಿನದ ಕೆಲಸಕ್ಕೆ ನೇರವಾಗಿ ಒದಗುವ ಕೆಲವನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಅರ್ಜಿಯ ಫೋಟೊ ಸಣ್ಣದು ಮಾಡುವುದು, ಝೆರಾಕ್ಸ್ ಅಂಗಡಿಗೆ ಫೈಲ್ ಕೊಡುವುದು, ಹೊಲ ಅಳೆಯುವುದು, ಗುಡ್ಡದ ದಾರಿ ಹಿಡಿಯುವುದು, ಸಿಡಿಲು ಎಷ್ಟು ದೂರವಿದೆ ಎಂದು ತಿಳಿಯುವುದು ಇಂಥ ಕೆಲಸಗಳು.

ಆಯ್ಕೆಗೆ ಒಂದು ಪರೀಕ್ಷೆ ಸಾಕು. ಆ್ಯಪ್ ಹಾಕಿಕೊಂಡ ಮೇಲೆ ಮನೆಯಲ್ಲೇ ಕೂತು ಏರೋಪ್ಲೇನ್ ಮೋಡ್ ಆನ್ ಮಾಡಿ, ಆ್ಯಪನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ನಿಮಗೆ ಬೇಕಾದ ಕೆಲಸ ಆಗ ಎಷ್ಟು ನಡೆಯುತ್ತದೋ, ಮುಂಡರಗಿಯಾಚೆಯ ಹೊಲದಲ್ಲೂ ಕ್ಯಾಸಲ್‌ರಾಕ್ ಘಾಟಿನಲ್ಲೂ ಅಷ್ಟೇ ನಡೆಯುತ್ತದೆ. ಇದರ ಜೊತೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ. ಲಾಗಿನ್ ಇಲ್ಲದೆ ಕೆಲಸ ಮಾಡುತ್ತದೆಯೇ? ಅದರೊಳಗೆ ಸೇರಿಸಿದ ಮಾಹಿತಿಯನ್ನು ಫೈಲ್ ಆಗಿ ಹೊರಗೆ ತೆಗೆಯಬಹುದೇ? ಮೂರಕ್ಕೂ ಹೌದು ಎನ್ನುವ ಆ್ಯಪ್ ನೋಡಲು ಚೆಂದವಿಲ್ಲದಿದ್ದರೂ ಇಟ್ಟುಕೊಳ್ಳಿ.

ಫೋಟೊ, ಸಹಿ, ಕೆಬಿ

ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ದೊಡ್ಡ ತಲೆನೋವು ಇದು. ಆನ್‌ಲೈನ್ ಅರ್ಜಿ ಫೋಟೊ 50 ಕೆಬಿ ಒಳಗೆ, ಸಹಿ 20 ಕೆಬಿ ಒಳಗೆ ಬೇಕು ಎನ್ನುತ್ತದೆ. ಫೋನಿನಲ್ಲಿ ತೆಗೆದ ಚಿತ್ರ ಮೂರರಿಂದ ಐದು ಎಂಬಿ ಇರುತ್ತದೆ. ಸಾಮಾನ್ಯವಾಗಿ ಜನ ಹಿಡಿಯುವ ದಾರಿ ಮೂರು.

ಮೊದಲನೆಯದು, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ ವೆಬ್‌ಸೈಟಿಗೆ ಫೋಟೊ ಹಾಕಿ ಸಣ್ಣದು ಮಾಡಿಸುವುದು. ಬೇಗ ಆಗುತ್ತದೆ, ಆದರೆ ನಿಮ್ಮ ಮುಖ, ಸಹಿ, ಒಮ್ಮೊಮ್ಮೆ ಆಧಾರ್ ಕಾರ್ಡು ಗುರುತು ಪರಿಚಯವಿಲ್ಲದವರ ಸರ್ವರ್ ಕಂಪ್ಯೂಟರಿಗೆ ಹೋಗಿ ಕೂರುತ್ತವೆ. ಸಹಿ ಮತ್ತು ಆಧಾರ್ ಒಟ್ಟಿಗೆ ಹೊರಗೆ ಹೋಗುವುದು ಸಣ್ಣ ವಿಷಯವಲ್ಲ. ಈ ದಾರಿಯನ್ನು ನಾವು ಯಾರಿಗೂ ಹೇಳುವುದಿಲ್ಲ. ಎರಡನೆಯದು ಫೋನಿನ ಗ್ಯಾಲರಿಯಲ್ಲೇ ಇರುವ ಕ್ರಾಪ್, ರೀಸೈಜ್. ಅದು ಸುರಕ್ಷಿತ, ಆದರೆ ಇಷ್ಟೇ ಕೆಬಿ ಆಗಬೇಕು ಎಂದು ಹೇಳಲು ಅಲ್ಲಿ ಬರುವುದಿಲ್ಲ. ಮೂರನೆಯದು ಇಮೇಜ್ ಟೂಲ್‌ಬಾಕ್ಸ್ ಎಂಬ ಆಂಡ್ರಾಯ್ಡ್ ಆ್ಯಪ್. ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಚಿತ್ರ ಸಣ್ಣದು ಮಾಡುವ ಕೆಲಸ ಪೂರ್ತಿ ಫೋನಿನೊಳಗೇ ಆಗುತ್ತದೆ, ನೆಟ್ ಬೇಕಿಲ್ಲ. ಕೊರತೆಯೆಂದರೆ ಅದರಲ್ಲಿ ಸಾಧನಗಳ ರಾಶಿಯೇ ಇದೆ, ಮೊದಲ ಸಲ ತೆರೆದವರಿಗೆ ಎಲ್ಲಿ ಒತ್ತಬೇಕೆಂದು ತಿಳಿಯುವುದಿಲ್ಲ. ನಿಮಗೆ ಬೇಕಾದ್ದು ಮೂರೇ: ಕ್ರಾಪ್, ರೀಸೈಜ್, ಮತ್ತು ಕೆಬಿ ಲೆಕ್ಕದಲ್ಲಿ ಸಣ್ಣದು ಮಾಡುವ ರೀಸೈಜ್ ಬೈ ವೇಯ್ಟ್.

ಕ್ರಮ ಮುಖ್ಯ. ದೊಡ್ಡ ಫೋಟೊವನ್ನು ನೇರವಾಗಿ 50 ಕೆಬಿಗೆ ಇಳಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. 4000 × 3000 ಪಿಕ್ಸೆಲ್ ಎಂದರೆ 1.2 ಕೋಟಿ ಚುಕ್ಕೆ. ಅಷ್ಟನ್ನೂ 50 ಕೆಬಿಯಲ್ಲಿ ತುರುಕಿದರೆ ಉಳಿಯುವುದು ಮಸುಕು ಮಾತ್ರ. ಮೊದಲು ತಲೆ ಮತ್ತು ಭುಜ ಉಳಿಯುವಂತೆ ಕ್ರಾಪ್ ಮಾಡಿ. ಆಮೇಲೆ ಅಳತೆ ಇಳಿಸಿ: ಪಾಸ್‌ಪೋರ್ಟ್ ಅಳತೆಯ 3.5 × 4.5 ಸೆಂ.ಮೀ. ಚಿತ್ರ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕಕ್ಕೆ, 413 × 531 ಪಿಕ್ಸೆಲ್ ಆಗುತ್ತದೆ. ಇಷ್ಟಕ್ಕೆ ಇಳಿಸಿದಾಗಲೇ ಜೆಪಿಜಿ ಫೈಲ್ ಬಹುತೇಕ ಮಿತಿಯ ಹತ್ತಿರ ಬಂದಿರುತ್ತದೆ. ಕೊನೆಗೆ ಕೆಬಿ ಮಿತಿ ಕೊಡಿ, ಆದರೆ 50 ಎಂದಿದ್ದರೆ 48 ಹಾಕಿ; ಕೆಲವು ಪೋರ್ಟಲ್‌ಗಳು ಸರಿಯಾಗಿ 50 ಇದ್ದರೂ ತಿರಸ್ಕರಿಸುತ್ತವೆ. ಕನಿಷ್ಠ ಮಿತಿಯೂ ಇರುತ್ತದೆ, ಅದನ್ನೂ ಓದಿ: 20ರಿಂದ 50 ಕೆಬಿ ಎಂದಿದ್ದಾಗ 12 ಕೆಬಿ ಫೈಲ್ ಹಾಕಿದರೂ ಕೆಂಪು ಅಕ್ಷರವೇ ಬರುತ್ತದೆ.

ಫೈಲ್ ಪಿಎನ್‌ಜಿ ಆಗಿದ್ದರೆ ಎಷ್ಟು ಒತ್ತಿದರೂ ಇಳಿಯುವುದಿಲ್ಲ, ಜೆಪಿಜಿಗೆ ಬದಲಿಸಿಕೊಳ್ಳಿ. ಸ್ಕ್ರೀನ್‌ಶಾಟ್‌ಗಳು ಹೆಚ್ಚಾಗಿ ಪಿಎನ್‌ಜಿಯೇ ಆಗಿರುತ್ತವೆ. ಸಹಿಯನ್ನು ಗೆರೆ ಇಲ್ಲದ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಮಾಡಿ, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ, ಫೋನಿನ ನೆರಳು ಹಾಳೆಯ ಮೇಲೆ ಬೀಳದಂತೆ ತೆಗೆಯಿರಿ. ನೆರಳು ಬಿದ್ದ ಬೂದು ಹಿನ್ನೆಲೆಯೂ ಕೆಬಿ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿದ ಅಂಕಪಟ್ಟಿಗೂ ಇದೇ ಮಾತು. ಫ್ಲ್ಯಾಶ್ ಹಾಕಿದರೆ ರಿಜಿಸ್ಟರ್ ನಂಬರಿನ ಮೇಲೆಯೇ ಬಿಳಿ ಮಚ್ಚೆ ಬೀಳುತ್ತದೆ.

ಅಂಕಪಟ್ಟಿ, ಲೈಸೆನ್ಸ್, ಆರ್‌ಸಿ ಬೇಕಾದಾಗ ಸ್ಕ್ಯಾನ್ ಮಾಡುವ ಮೊದಲು ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ನೋಡಿ. ಅಲ್ಲಿ ಇಲಾಖೆಯೇ ನೀಡಿದ ದಾಖಲೆಗಳು ಬೇರೆ, ನೀವೇ ಫೋಟೊ ತೆಗೆದು ಸೇರಿಸಿದವು ಬೇರೆ. ಮೂಲ ದಾಖಲೆಗೆ ಸಮ ಎಂಬ ಮಾನ್ಯತೆ ಇರುವುದು ಇಲಾಖೆ ನೀಡಿದ್ದಕ್ಕೆ ಮಾತ್ರ. ಟ್ರಾಫಿಕ್ ಪೊಲೀಸರ ಮುಂದೆ ಗ್ಯಾಲರಿಯ ಫೋಟೊ ತೋರಿಸಿ ವಾದ ಮಾಡುವವರು ಈ ವ್ಯತ್ಯಾಸ ತಿಳಿದಿರಬೇಕು.

ಫೈಲ್ ಕಳಿಸುವುದು

ಸರ್ಕಾರ 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಶೇರ್‌ಇಟ್, ಕ್ಸೆಂಡರ್, ಕ್ಯಾಮ್‌ಸ್ಕ್ಯಾನರ್ ಮೂರೂ ಆ ಪಟ್ಟಿಯಲ್ಲಿದ್ದವು. ಅವುಗಳ ಹಳೆಯ ಎಪಿಕೆ ಫೈಲುಗಳು (ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ಫೈಲು) ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ, ಹಾಕಿಕೊಳ್ಳಬೇಡಿ. ಅವುಗಳ ಜಾಗ ತುಂಬಲು ಈಗ ಎರಡು ಒಳ್ಳೆಯ ದಾರಿಗಳಿವೆ: ಆಂಡ್ರಾಯ್ಡ್‌ನಲ್ಲೇ ಬರುವ ಕ್ವಿಕ್ ಶೇರ್ ಮತ್ತು ಹೊರಗಿನಿಂದ ಹಾಕಿಕೊಳ್ಳುವ ಲೋಕಲ್‌ಸೆಂಡ್.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ನಾಲ್ಕಾರು ಫೋಟೊ ಕಳಿಸಲು ಕ್ವಿಕ್ ಶೇರ್ ಸಾಕು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎದುರಿನವರ ಫೋನು ಕಾಣದಿದ್ದರೆ ಹೆಚ್ಚಿನ ಸಲ ಕಾರಣ ಒಂದೇ: ಅವರ ಫೋನಿನಲ್ಲಿ ಕ್ವಿಕ್ ಶೇರ್ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ತೆರೆದಿರುತ್ತದೆ. ಅದನ್ನು ಎಲ್ಲರಿಗೂ ಎಂದು ಬದಲಿಸಿ, ಬ್ಲೂಟೂತ್ ಮತ್ತು ವೈಫೈ ಎರಡೂ ಆನ್ ಇಡಲಿ.

ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲ ಕಲೆತಲ್ಲಿ ಲೋಕಲ್‌ಸೆಂಡ್ ಗೆಲ್ಲುತ್ತದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಇಂಟರ್ನೆಟ್ಟೂ ಬೇಡ. ಎರಡೂ ಯಂತ್ರ ಒಂದೇ ವೈಫೈನಲ್ಲಿರಬೇಕು, ಅಷ್ಟೇ. ವೈಫೈ ಇಲ್ಲದ ಕಡೆ ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಇನ್ನೊಂದನ್ನು ಅದಕ್ಕೆ ಜೋಡಿಸಿ. ಫೈಲ್ ಇಬ್ಬರ ನಡುವೆಯೇ ಹೋಗುವುದರಿಂದ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಹಾವೇರಿಯ ಕಲ್ಯಾಣ ಮಂಟಪದಲ್ಲಿ ಮದುವೆ ಫೋಟೊಗ್ರಾಫರ್ ಲ್ಯಾಪ್‌ಟಾಪಿನಲ್ಲಿ ಎಂಟು ಜಿಬಿ ಚಿತ್ರ ಇಟ್ಟುಕೊಂಡು ನಿಂತಿದ್ದರೆ, ಪೆನ್‌ಡ್ರೈವ್ ಹುಡುಕುವ ಬದಲು ಇದು ಸಲೀಸು.

ಎರಡೂ ಕಡೆ ಆ್ಯಪ್ ತೆರೆದರೆ ಪ್ರತಿ ಯಂತ್ರಕ್ಕೂ ಹಣ್ಣಿನ ಹೆಸರಿರುವ ಗುರುತೊಂದು ಬರುತ್ತದೆ. ಕಳಿಸುವವರು ಫೈಲ್ ಆರಿಸಿ ಎದುರಿನ ಹೆಸರು ಒತ್ತಬೇಕು, ಪಡೆಯುವವರು ಒಪ್ಪಿಗೆ ಕೊಡಬೇಕು. ಹೆಸರೇ ಕಾಣಿಸದಿದ್ದರೆ ಈ ಕ್ರಮದಲ್ಲಿ ನೋಡಿ. ಯಾವುದಾದರೂ ಯಂತ್ರದಲ್ಲಿ ವಿಪಿಎನ್ ಆನ್ ಇದ್ದರೆ ಬಂದ್ ಮಾಡಿ. ವಿಂಡೋಸ್‌ನಲ್ಲಿ ಆ ವೈಫೈ ಪಬ್ಲಿಕ್ ಎಂದು ಗುರುತಾಗಿದ್ದರೆ ಪ್ರೈವೇಟ್ ಮಾಡಿ, ಏಕೆಂದರೆ ಪಬ್ಲಿಕ್ ಇದ್ದಾಗ ಫೈರ್‌ವಾಲ್ ಬಾಗಿಲು ಮುಚ್ಚಿರುತ್ತದೆ. ಫೈರ್‌ವಾಲ್‌ನಲ್ಲಿ ಕೈಯಿಂದಲೇ ದಾರಿ ಬಿಡುವುದಾದರೆ ಲೋಕಲ್‌ಸೆಂಡ್ ಬಳಸುವ ಪೋರ್ಟ್ 53317. ಕಾಲೇಜು, ಹಾಸ್ಟೆಲ್, ಲಾಡ್ಜಿನ ವೈಫೈಗಳಲ್ಲಿ ಒಂದು ಫೋನು ಇನ್ನೊಂದನ್ನು ನೋಡದಂತೆ ರೂಟರಿನಲ್ಲೇ ತಡೆ ಹಾಕಿರುತ್ತಾರೆ. ಅಲ್ಲಿ ತಲೆ ಕೆಡಿಸಿಕೊಳ್ಳದೆ ನಿಮ್ಮ ಹಾಟ್‌ಸ್ಪಾಟಿಗೆ ಬನ್ನಿ. ನಿಧಾನವಾಗಿದ್ದರೆ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ಬದಲು 5 ಆರಿಸಿ. ಪಡೆಯುವ ಫೋನಿನ ಸ್ಕ್ರೀನ್ ಆರಿಹೋದರೆ ನಡುವೆಯೇ ನಿಲ್ಲಬಹುದು, ಐಫೋನಿನಲ್ಲಂತೂ ಆ್ಯಪ್ ಕಣ್ಣೆದುರೇ ತೆರೆದಿರಬೇಕು.

ಝೆರಾಕ್ಸ್ ಅಂಗಡಿಯ ವಿಷಯ ಬೇರೆ. ಪ್ರಿಂಟ್ ಬೇಕೆಂದಾಗ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್ಆ್ಯಪ್ ವೆಬ್ ತೆರೆದು, ಲಾಗೌಟ್ ಮಾಡದೆ ಎದ್ದು ಬರುವುದು ಇಲ್ಲಿ ತೀರಾ ಸಾಮಾನ್ಯ. ಆಮೇಲೆ ನಿಮ್ಮ ಎಲ್ಲ ಮಾತುಕತೆ ಆ ಕಂಪ್ಯೂಟರಿನಲ್ಲಿ ಓದಲು ಸಿಗುತ್ತದೆ. ಈಗಲೇ ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಗುರುತಿಲ್ಲದ್ದು ಇದ್ದರೆ ತೆಗೆದುಹಾಕಿ. ಇದಕ್ಕೆ ಬದಲಾಗಿ ಲೋಕಲ್‌ಸೆಂಡ್‌ನಲ್ಲಿ ಲಿಂಕ್ ಮೂಲಕ ಹಂಚುವ ಸೌಲಭ್ಯವಿದೆ: ಅಂಗಡಿಯವರ ಕಂಪ್ಯೂಟರಿನಲ್ಲಿ ಆ್ಯಪ್ ಇರಬೇಕಿಲ್ಲ, ನಿಮ್ಮ ಫೋನು ತೋರಿಸುವ ಅಂಕಿಗಳ ವಿಳಾಸವನ್ನು ಅವರು ಬ್ರೌಸರಿನಲ್ಲಿ ಟೈಪ್ ಮಾಡಿದರೆ ಫೈಲ್ ಇಳಿಯುತ್ತದೆ. ಆದರೆ ಆ ಕಂಪ್ಯೂಟರೂ ನಿಮ್ಮ ಫೋನೂ ಒಂದೇ ನೆಟ್‌ವರ್ಕಿನಲ್ಲಿರಬೇಕು. ಕೇಬಲ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಆದರೆ ಅಂಗಡಿಯ ವೈಫೈಗೆ ನೀವು ಸೇರಬೇಕು. ಅದಕ್ಕೆ ಅವರು ಒಪ್ಪದಿದ್ದರೆ ಫೋನಿಗೇ ಚುಚ್ಚುವ ಓಟಿಜಿ ಪೆನ್‌ಡ್ರೈವೇ ಗತಿ, ಅದೂ ಕೆಟ್ಟ ದಾರಿಯೇನಲ್ಲ.

ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾದಾಗ ಫೋಟೊವನ್ನು ಡಾಕ್ಯುಮೆಂಟ್ ಎಂದು ಸೇರಿಸಿ. 2 ಜಿಬಿ ತನಕ ಹೋಗುತ್ತದೆ, ಗುಣಮಟ್ಟ ಇಳಿಯುವುದಿಲ್ಲ.

ಹೊಲ ಮತ್ತು ಸರ್ವೆ ನಂಬರು

ಇಲ್ಲಿ ಎರಡು ಆ್ಯಪ್‌ಗಳನ್ನು ಜನ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ದಿಶಾಂಕ್ ಎಂಬುದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಆ್ಯಪ್. ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಅದು ತೋರಿಸುತ್ತದೆ, ಆ ನಂಬರಿನ ಹಿಸ್ಸಾ (ಒಳಭಾಗ) ಆರಿಸಿದರೆ ಉತಾರದಲ್ಲಿರುವ (ಪಹಣಿಯಲ್ಲಿರುವ) ಮಾಲೀಕರ ವಿವರಕ್ಕೆ ಒಯ್ಯುತ್ತದೆ. ಜಿಪಿಎಸ್ ಫೀಲ್ಡ್ಸ್ ಏರಿಯಾ ಮೆಷರ್ ತರಹದ ಆ್ಯಪ್‌ಗಳು ಸರ್ವೆ ನಂಬರು ಅರಿಯವು. ನೀವು ಸುತ್ತಿ ಬಂದ ಜಾಗದ ವಿಸ್ತೀರ್ಣ ಮಾತ್ರ ಹೇಳುತ್ತವೆ.

ಜಮೀನು ಕೊಳ್ಳುವ ಮೊದಲು, ತೋರಿಸಿದ ಹೊಲ ಮತ್ತು ಉತಾರದ ನಂಬರು ಒಂದೇ ಹೌದೋ ಅಲ್ಲವೋ ಎಂದು ನೋಡಲು ದಿಶಾಂಕ್‌ನಷ್ಟು ಉಪಕಾರಿ ಇನ್ನೊಂದಿಲ್ಲ. ಅದಕ್ಕೆ ನೆಟ್ ಬೇಕೇ ಬೇಕು, ಏರೋಪ್ಲೇನ್ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಅದಕ್ಕೇ ಬದುವಿನ ಮೇಲೆ ನಿಂತು ಪರದಾಡುವ ಬದಲು ಮನೆಯಲ್ಲೇ ಸರ್ವೆ ನಂಬರು ಹಾಕಿ ಹುಡುಕಿ, ಗಡಿ ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೋಗಿ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಅಲ್ಲಿ ಕಾಣುವ ಗೆರೆ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು. ಕೆಲವು ಮೀಟರ್ ಆಚೀಚೆ ಇರುತ್ತದೆ. ಜೊತೆಗೆ ಫೋನಿನ ಜಿಪಿಎಸ್ ತಪ್ಪೂ ಸೇರುತ್ತದೆ. ಅದನ್ನು ಹಿಡಿದು ಪಕ್ಕದ ಹೊಲದವರ ಜೊತೆ ಬದುವಿನ ಜಗಳಕ್ಕೆ ಹೋಗಬೇಡಿ. ಗಡಿಯ ತಕರಾರಿಗೆ ಹದ್ದುಬಸ್ತು ಅರ್ಜಿ ಹಾಕಿ ಸರ್ವೆಯರ್ ಕರೆಸುವುದೇ ದಾರಿ, ಸರ್ವೆ ನಂಬರಿನ ಒಂದು ಭಾಗ ಮಾರಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಆ್ಯಪ್ ಅವುಗಳ ಬದಲಿಗೆ ನಿಲ್ಲುವುದಿಲ್ಲ.

ವಿಸ್ತೀರ್ಣದ ಆ್ಯಪ್ ಬೇಕಾಗುವುದು ಬೇರೆ ಕಡೆ. ಟ್ರ್ಯಾಕ್ಟರ್ ಬಾಡಿಗೆಯನ್ನು ಎಕರೆ ಲೆಕ್ಕದಲ್ಲಿ ಕೊಡುವಾಗ, ಲಾವಣಿಗೆ ಹೊಲ ಹಿಡಿಯುವಾಗ, ಔಷಧಿ ಎಷ್ಟು ಲೀಟರ್ ಬೇಕೆಂದು ಅಂದಾಜಿಸುವಾಗ. ಹೀಗೆ ಮಾಡಿ: ಬಯಲಿನಲ್ಲಿ ಎರಡು ನಿಮಿಷ ನಿಂತು ಆ್ಯಪ್ ತೋರಿಸುವ ನಿಖರತೆ 5 ಮೀಟರಿಗಿಂತ ಕೆಳಗೆ ಬರುವ ತನಕ ಕಾಯಿರಿ. ಬೇವಿನ ಮರದ ಕೆಳಗಿಂದ ಶುರು ಮಾಡಬೇಡಿ. ಫೋನು ಜೇಬಿನಲ್ಲಿ ಬೇಡ, ಎದೆಯ ಎತ್ತರಕ್ಕೆ ಕೈಯಲ್ಲಿ ಹಿಡಿದು ಬದುವಿನ ಗುಂಟ ನಡೆಯಿರಿ, ಪ್ರತಿ ಮೂಲೆಯಲ್ಲಿ ಹತ್ತು ಹದಿನೈದು ಸೆಕೆಂಡ್ ನಿಂತು ಬಿಂದು ಹಾಕಿ. ನೆಟ್ ಇಲ್ಲದಿದ್ದರೆ ಹಿಂದಿನ ನಕ್ಷೆ ಚಿತ್ರ ಬರುವುದಿಲ್ಲ, ಆದರೆ ಅಳತೆ ಬರುತ್ತದೆ. ಜಿಪಿಎಸ್‌ಗೆ ಡೇಟಾ ಬೇಕಿಲ್ಲ.

ಈಗ ದುಡ್ಡು ಕಳೆಯುವ ತಪ್ಪು. ಆ್ಯಪ್ 2.35 ಎಕರೆ ಎಂದು ತೋರಿಸಿದರೆ ಅದು 2 ಎಕರೆ 35 ಗುಂಟೆ ಅಲ್ಲ. ಎಕರೆಗೆ 40 ಗುಂಟೆ, ಆದ್ದರಿಂದ 0.35 × 40 = 14. ಅದು 2 ಎಕರೆ 14 ಗುಂಟೆ. ಉತಾರದಲ್ಲಿ 2-35 ಎಂದು ಬರೆದಿದ್ದರೆ ಅದು ನಿಜಕ್ಕೂ 35 ಗುಂಟೆ. ಎರಡನ್ನೂ ಒಂದೇ ಎಂದು ತಿಳಿದರೆ 21 ಗುಂಟೆ, ಅಂದರೆ ಅರ್ಧ ಎಕರೆಗೂ ಹೆಚ್ಚು, ಲೆಕ್ಕ ತಪ್ಪುತ್ತದೆ. ಬಾಡಿಗೆ ಕೊಡುವವರೂ ಪಡೆಯುವವರೂ ಈ ಒಂದು ಗುಣಾಕಾರವನ್ನು ಎದುರೆದುರು ಮಾಡಿಕೊಳ್ಳಬೇಕು.

ತಪ್ಪಿನ ಪ್ರಮಾಣವೂ ತಿಳಿದಿರಲಿ. ಚೌಕದ ಒಂದು ಎಕರೆಯ ಬದಿ ಸುಮಾರು 63.6 ಮೀಟರ್. ಉದ್ದ, ಅಗಲ ಎರಡರಲ್ಲೂ 2 ಮೀಟರ್ ಹೆಚ್ಚು ಬಂದರೆ ಎರಡೂವರೆ ಗುಂಟೆ ಹೆಚ್ಚಾಗಿ ಕಾಣುತ್ತದೆ. ಹೊಲ ದೊಡ್ಡದಾದಷ್ಟೂ ಈ ತಪ್ಪಿನ ಪಾಲು ಕಡಿಮೆ. ಒಂದು ಗುಂಟೆ 33 ಅಡಿ ಚೌಕ, ಅಂದರೆ ಹತ್ತು ಮೀಟರಿಗೆ ಹತ್ತು ಮೀಟರ್. ಅಷ್ಟು ಸಣ್ಣ ಜಾಗಕ್ಕೆ, 30 × 40ರ ಸೈಟಿಗೆ ಫೋನು ಹಿಡಿಯಲೇಬೇಡಿ. ಟೇಪು ತನ್ನಿ.

ದಾರಿ

ಹುಬ್ಬಳ್ಳಿಯೊಳಗೆ, ಹುಬ್ಬಳ್ಳಿ-ಧಾರವಾಡದ ನಡುವೆ ಗೂಗಲ್ ಮ್ಯಾಪ್ಸ್ ಬಿಡಬೇಡಿ. ಟ್ರಾಫಿಕ್ಕು, ಅಂಗಡಿಯ ಫೋನ್ ನಂಬರು, ಯಾವ ಹೊತ್ತಿಗೆ ತೆರೆದಿರುತ್ತದೆ ಎಂಬುದು ಅಲ್ಲೇ ಸಿಗುವುದು. ಅದಕ್ಕೂ ಆಫ್‌ಲೈನ್ ನಕ್ಷೆ ಇದೆ, ಆದರೆ ಆಫ್‌ಲೈನ್‌ನಲ್ಲಿ ಗಾಡಿಯ ದಾರಿ ಮಾತ್ರ ಹೇಳುತ್ತದೆ. ನಡೆಯುವ ದಾರಿ, ಬಸ್ಸು, ಸೈಕಲ್ ಇಲ್ಲ. ನಡುನಡುವೆ ಹೊಸದಾಗಿಸದಿದ್ದರೆ ಇಳಿಸಿಕೊಂಡ ನಕ್ಷೆಯ ಅವಧಿಯೂ ಮುಗಿದುಹೋಗುತ್ತದೆ.

ಊರು ದಾಟಿದ ಮೇಲೆ ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಎಸ್‌ಎಂಆ್ಯಂಡ್ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ. ಎರಡಕ್ಕೂ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್, ಜನರೇ ಸೇರಿಸಿದ ನಕ್ಷೆ. ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡರೆ ಹುಡುಕಾಟ, ದಾರಿ, ಕಾಲುದಾರಿ ಎಲ್ಲ ನೆಟ್ ಇಲ್ಲದೆ ನಡೆಯುತ್ತವೆ. ಸುಮ್ಮನೆ ದಾರಿ ಬೇಕಾದವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್: ಹಗುರ, ಜಾಹೀರಾತಿಲ್ಲ, ಗುಡ್ಡದ ಎತ್ತರ ತೋರಿಸುವ ಸಮೋನ್ನತಿ ರೇಖೆಗಳೂ ಉಚಿತ. ಓಎಸ್‌ಎಂಆ್ಯಂಡ್‌ನಲ್ಲಿ ಸೆಟ್ಟಿಂಗುಗಳು ವಿಪರೀತ, ಪ್ಲೇ ಸ್ಟೋರಿನ ಉಚಿತ ಆವೃತ್ತಿಯಲ್ಲಿ ಎಷ್ಟು ನಕ್ಷೆ ಇಳಿಸಬಹುದು ಎಂಬುದಕ್ಕೆ ಮಿತಿಯಿದೆ. ನಡೆದ ಜಾಡನ್ನು ದಾಖಲಿಸಿ, ತಿದ್ದಿ, ಹಂಚುವವರಿಗೆ, ಚಾರಣಕ್ಕೆ ಜನರನ್ನು ಕರೆದೊಯ್ಯುವವರಿಗೆ ಅದು ಸರಿ. ಗದಗಿನ ಕಪ್ಪತಗುಡ್ಡದಂಥ ಕಡೆ, 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡೇ ಹೋಗಿ, ಹೋಗುವ ಮುನ್ನ ಗಾಡಿ ನಿಲ್ಲಿಸಿದ ಜಾಗಕ್ಕೆ ಗುರುತು ಹಾಕಿ. ಗವಿ, ಗುಡಿ ಎಲ್ಲ ಸಿಗುತ್ತವೆ, ಮರಳುವಾಗ ಗಾಡಿಯೇ ಸಿಗುವುದಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕೊರತೆ ಅಂಗಡಿ ಮುಂಗಟ್ಟುಗಳು. ಬ್ಯಾಡಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಬೇಕಾದ ಅಂಗಡಿಯ ಹೆಸರು ಹೊಡೆದರೆ ಬಾರದೇ ಇರಬಹುದು. ಆ್ಯಪಿನಿಂದಲೇ ಹೊಸ ಜಾಗ ಸೇರಿಸಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ತುಂಬಬಹುದು. ನಿಮ್ಮ ಹಳ್ಳಿಯ ಆಸ್ಪತ್ರೆ, ಶಾಲೆ, ಕುಡಿಯುವ ನೀರಿನ ಘಟಕ ಇಲ್ಲದಿದ್ದರೆ ದಯವಿಟ್ಟು ಸೇರಿಸಿ.

ನೆಟ್ ಇಲ್ಲದಾಗ ನಿಂತ ಜಾಗವನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸಬೇಕಾದರೆ ಅಂಕಿಗಳನ್ನೇ ಕಳಿಸಿ. ಹುಬ್ಬಳ್ಳಿ ಸುಮಾರು 15.36, 75.12, ಗದಗ 15.43, 75.63, ಹಾವೇರಿ 14.79, 75.40. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್ ತನಕ ಸರಿಯಾಗುತ್ತದೆ, ಎರಡೇ ಬರೆದರೆ ಒಂದು ಕಿಲೋಮೀಟರ್ ಆಚೀಚೆ. 15 ಮೊದಲು, 75 ಆಮೇಲೆ. ತಿರುವುಮುರುವಾದರೆ ನಕ್ಷೆ ಆರ್ಕ್ಟಿಕ್ ಕಡೆಯ ಸಮುದ್ರಕ್ಕೆ ಒಯ್ಯುತ್ತದೆ.

ಮಳೆ ಮತ್ತು ಸಿಡಿಲು

ಫೋನಿನ ಜೊತೆ ಬರುವ ಹವಾಮಾನದ ಚೌಕವನ್ನು ನಂಬಿ ಮೆಣಸಿನಕಾಯಿ ಒಣಹಾಕುವವರು ಅದರ ಬದಲು ಈ ಮೂರನ್ನು ನೋಡಬಹುದು. ಮೇಘದೂತ್ 2019ರಲ್ಲಿ ಬಂದ ಸರ್ಕಾರದ ಆ್ಯಪ್. ಜಿಲ್ಲೆವಾರು ಮುನ್ಸೂಚನೆ, ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆ, ಅದೂ ಸ್ಥಳೀಯ ಭಾಷೆಯಲ್ಲಿ. ಬಿತ್ತನೆ, ಸಿಂಪರಣೆ ಯಾವಾಗ ಎಂದು ನಾಲ್ಕೈದು ದಿನ ಮುಂದೆ ನೋಡುವವರಿಗೆ ಇದು. ಇವತ್ತು ಮಧ್ಯಾಹ್ನ ನಿಮ್ಮ ಕಣದ ಮೇಲೆ ಮಳೆ ಬೀಳುತ್ತದೆಯೇ ಎಂಬುದಕ್ಕೆ ಅಲ್ಲಿ ಉತ್ತರ ಹುಡುಕಬೇಡಿ.

ವಿಂಡಿ ಆ್ಯಪ್‌ನಲ್ಲಿ ಮುನ್ಸೂಚನೆ ಲೆಕ್ಕ ಹಾಕುವ ಬೇರೆ ಬೇರೆ ಕಂಪ್ಯೂಟರ್ ಮಾದರಿಗಳನ್ನು ಹೋಲಿಸಬಹುದು. ಯುರೋಪಿನ ಇಸಿಎಂಡಬ್ಲ್ಯುಎಫ್ ಮತ್ತು ಅಮೆರಿಕದ ಜಿಎಫ್‌ಎಸ್ ಎರಡೂ ಮಳೆ ಎಂದರೆ ಕಾಯಿ ರಾಶಿ ಮಾಡಿ ಮುಚ್ಚಿ. ಒಂದು ಹೌದು, ಒಂದು ಇಲ್ಲ ಎಂದರೆ ಹರವಿ, ಆದರೆ ತಾಡಪತ್ರಿ ಕೈಗೆ ಸಿಗುವ ಹಾಗಿರಲಿ. ಇಸಿಎಂಡಬ್ಲ್ಯುಎಫ್‌ನ ಒಂದು ಚೌಕ ಸುಮಾರು 9 ಕಿ.ಮೀ. ಅಗಲ. ಏಪ್ರಿಲ್, ಮೇ ತಿಂಗಳ ಅಡ್ಡ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಡುವುದರಿಂದ, ಅಷ್ಟು ಸಣ್ಣ ಮೋಡವನ್ನು ಅದು ಹಿಡಿಯಲಾರದು.

ದಾಮಿನಿ ಬೇರೆಯೇ ಕೆಲಸದ್ದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಈ ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ವ್ಯಾಪ್ತಿಯಲ್ಲಿ ಮಿಂಚಿನ ಎಚ್ಚರಿಕೆ ಕೊಡುತ್ತದೆ. ಕಳೆದ ಕೆಲವು ನಿಮಿಷಗಳ ಮಿಂಚುಗಳು ಬೇರೆ ಬೇರೆ ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಚುಕ್ಕೆಗಳ ಸಾಲು ನಿಮ್ಮ ಕಡೆ ಸರಿಯುತ್ತಿದ್ದರೆ ಹೊಲ ಬಿಡುವ ಹೊತ್ತು. ಲೊಕೇಶನ್ ಅನುಮತಿಯನ್ನು ಸದಾಕಾಲ ಎಂದು ಕೊಡದಿದ್ದರೆ, ಬ್ಯಾಟರಿ ಉಳಿತಾಯದಿಂದ ಅದನ್ನು ಹೊರಗಿಡದಿದ್ದರೆ ಎಚ್ಚರಿಕೆಯ ಸದ್ದೇ ಬರುವುದಿಲ್ಲ. ದಾಮಿನಿ ಹಾಕಿಕೊಂಡರೂ ಏನೂ ಬರಲಿಲ್ಲ ಎನ್ನುವವರು ಮೊದಲು ಇವೆರಡನ್ನು ನೋಡಬೇಕು.

ಅದಕ್ಕೂ ನೆಟ್ ಬೇಕು. ಮೋಡ ಕವಿದಾಗಲೇ ರೇಂಜ್ ಹೋದರೆ ಎಣಿಕೆ ಇದೆ: ಮಿಂಚು ಕಂಡಕೂಡಲೇ ಸೆಕೆಂಡು ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ, ಮೂರರಿಂದ ಭಾಗಿಸಿ. ಬಂದದ್ದು ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಬಂದರೆ ಸಿಡಿಲು 10 ಕಿ.ಮೀ. ಒಳಗಿದೆ, ಪಕ್ಕಾ ಮನೆಯೊಳಗೋ ಮುಚ್ಚಿದ ಗಾಡಿಯೊಳಗೋ ಸೇರಿಕೊಳ್ಳಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಹೊಲದ ನಡುವಿನ ಒಂಟಿ ಮರದ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಕುರಿ ಕಾಯುವವರ ಫೋನಿಗೆ ದಾಮಿನಿ ಹಾಕಿಕೊಡುವ ಜೊತೆ ಈ ಎಣಿಕೆಯನ್ನೂ ಕಲಿಸಿಕೊಡಿ.

ರೈಲು

ವೇರ್ ಈಸ್ ಮೈ ಟ್ರೇನ್ ಬಹಳ ಜನಕ್ಕೆ ಗೊತ್ತು, ಆದರೆ ಅದರ ನಿಜವಾದ ಶಕ್ತಿ ಬಳಸುವವರು ಕಡಿಮೆ. ರೈಲಿನೊಳಗೆ ಕೂತಾಗ ಟವರುಗಳ ಗುರುತಿನಿಂದಲೇ ಅದು ರೈಲು ಎಲ್ಲಿದೆ ಎಂದು ಹೇಳುತ್ತದೆ, ನೆಟ್ಟೂ ಬೇಡ, ಜಿಪಿಎಸ್ಸೂ ಬೇಡ. ನಾನು ರೈಲಿನೊಳಗಿದ್ದೇನೆ ಎಂಬುದನ್ನು ಆರಿಸಿಕೊಳ್ಳಬೇಕು, ಅಷ್ಟೇ. ವೇಳಾಪಟ್ಟಿ ಫೋನಿನಲ್ಲೇ ಇರುತ್ತದೆ. ಗೋವಾ ದಾರಿಯಲ್ಲಿ ಕ್ಯಾಸಲ್‌ರಾಕ್ ದಾಟಿದ ಮೇಲೆ ಟವರೇ ಇಲ್ಲದ ಕಡೆ ಅದೂ ಸುಮ್ಮನಾಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಕಾಯುವವರಿಗೆ ನೆಟ್ ಬೇಕೇ ಬೇಕು. ಅವರಿಗೆ ರೈಲ್ವೆಯದೇ ಆದ ಎನ್‌ಟಿಇಎಸ್ ಸಹ ಅಷ್ಟೇ ಒಳ್ಳೆಯದು. ಬೋಗಿ ಎಲ್ಲಿ ನಿಲ್ಲುತ್ತದೆ ಎಂಬ ಕ್ರಮವನ್ನು ಮೊದಲೇ ನೋಡಿಕೊಳ್ಳಿ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್, ವಯಸ್ಸಾದವರು ತಪ್ಪು ತುದಿಯಲ್ಲಿ ನಿಂತರೆ ಲಗೇಜ್ ಹೊತ್ತು ನಡೆಯಲಾಗದು.

ಕಾಯ್ದಿರಿಸದ ಟಿಕೆಟ್ಟಿಗೆ 2025ರ ಜುಲೈನಲ್ಲಿ ಬಂದ ರೈಲ್ವೆಯ ಆ್ಯಪ್ ರೈಲ್‌ಒನ್. ಕಾಗದರಹಿತ ಟಿಕೆಟ್ಟನ್ನು ನಿಲ್ದಾಣಕ್ಕೆ ಬರುವ ಮೊದಲೇ ತೆಗೆಯಿರಿ, ಹಳಿಯ ಪಕ್ಕ ನಿಂತರೆ ಲೊಕೇಶನ್ ನೋಡಿ ಅದು ತಡೆಯುತ್ತದೆ. ಟಿಸಿ ಕೇಳಿದಾಗ ಆ್ಯಪಿನೊಳಗಿನ ಟಿಕೆಟ್ ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಕನ್ನಡ ಟೈಪಿಂಗ್

ಮಾತಾಡಿ ಬರೆಸುವವರಿಗೆ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅದು ಎಡವುತ್ತದೆ, ಬರಾಕತ್ತೀನಿ, ಹೋಗೂಣು ಎನ್ನುವ ನಮ್ಮ ಕಡೆಯ ಮಾತಿಗಿಂತ ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ಬೆರಳಲ್ಲೇ ಟೈಪ್ ಮಾಡುವವರು, ಟೈಪ್ ಮಾಡಿದ್ದು ಫೋನಿನಿಂದ ಹೊರಗೆ ಹೋಗಬಾರದು ಎನ್ನುವವರು ಹೆಲಿಬೋರ್ಡ್ ಹಾಕಿಕೊಳ್ಳಲಿ. ಇಂಟರ್ನೆಟ್ ಅನುಮತಿಯನ್ನೇ ಅದು ಕೇಳುವುದಿಲ್ಲ. ಇಂಗ್ಲಿಷ್ ಕೀಲಿಯ ಮೇಲೆ ಧ್ವನಿ ಹೊಂದಿಸಿ ಬರೆಯುವ ಅಭ್ಯಾಸದವರಿಗೆ ಇಂಡಿಕ್ ಕೀಬೋರ್ಡ್ ಸುಲಭ.

ಹಾಕಿಕೊಳ್ಳುವಾಗ, ಫೋನು ಬದಲಿಸುವಾಗ

ಪ್ಲೇ ಸ್ಟೋರಿನಲ್ಲಿ ಇವುಗಳದೇ ಹೆಸರು, ಇವುಗಳದೇ ಬಣ್ಣದ ನಕಲಿಗಳಿವೆ. ಹೆಸರಿನ ಕೆಳಗಿರುವ ತಯಾರಕರ ಹೆಸರು ಓದಿ. ಸರ್ಕಾರಿ ಆ್ಯಪ್ ಆದರೆ ಇಲಾಖೆಯ ವೆಬ್‌ಸೈಟಿನ ಕೊಂಡಿಯಿಂದಲೇ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂಬ ಹೆಸರಿನ ಎಪಿಕೆ ಫೈಲ್ ಬಂದರೆ, ಅದು ಅಣ್ಣನ ನಂಬರಿನಿಂದಲೇ ಬಂದಿದ್ದರೂ, ಮುಟ್ಟಬೇಡಿ. ಅಂಥವು ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಓಟಿಪಿಯನ್ನು ಹೊರಗೆ ಕಳಿಸುತ್ತವೆ. ಅಣ್ಣನಿಗೆ ಫೋನು ಮಾಡಿ ಹೇಳಿ, ಅವರ ಫೋನು ಆಗಲೇ ಸಿಕ್ಕಿಬಿದ್ದಿರುತ್ತದೆ.

ನೆಟ್ ಇಲ್ಲದೆ ನಡೆಯುವ ಆ್ಯಪ್‌ಗಳ ಮಾಹಿತಿ ಫೋನಿನಲ್ಲೇ ಇರುತ್ತದೆ, ಫೋನು ಕೆಟ್ಟರೆ ಅದೂ ಹೋಗುತ್ತದೆ. ಹೊಸ ಫೋನಿಗೆ ಹೋಗುವ ಮುನ್ನ ನಕ್ಷೆಯ ಆ್ಯಪಿನ ಗುರುತುಗಳನ್ನೂ ಜಾಡುಗಳನ್ನೂ, ಹೊಲದ ಅಳತೆಗಳನ್ನೂ ಎಕ್ಸ್‌ಪೋರ್ಟ್ ಮಾಡಿ ಒಂದು ಫೋಲ್ಡರಿಗೆ ಹಾಕಿ. ಆ ಫೋಲ್ಡರನ್ನು ಲೋಕಲ್‌ಸೆಂಡ್‌ನಿಂದ ಹೊಸ ಫೋನಿಗೆ ದಾಟಿಸಿ, ಅಲ್ಲಿ ಫೈಲುಗಳು ತೆರೆದುಕೊಂಡವು ಎಂದು ಕಣ್ಣಾರೆ ನೋಡಿದ ಮೇಲೆಯೇ ಹಳೆಯ ಫೋನನ್ನು ರೀಸೆಟ್ ಮಾಡಿ.